ಓದುಗರ ಸ್ಪಂದನ: ವರಾಂಡದಲ್ಲಿ ನಿಂತ ಹುಡುಗ

ಕಳೆದ ಸಂಚಿಕೆಯಲ್ಲಿ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ತಮ್ಮ ಇಕ್ಕಟ್ಟು ಬರೆದಿದ್ದರು. ಅವರ ಶಾಲೆಯ ಗಣಿತದ ಮೇಷ್ಟ್ರು ಎರಡು ವರ್ಷದಿಂದ ಪಾಠಕ್ಕೆ ಮೊದಲು ಮಕ್ಕಳಿಂದ ಶ್ಲೋಕ ಹೇಳಿಸುತ್ತಿದ್ದಾರೆ. ಆರನೇ ತರಗತಿಯ ಹುಡುಗನೊಬ್ಬ ಬಾಯಿ ಬಿಡಲಿಲ್ಲ. ಕಿವಿ ಹಿಂಡಿ ಅವನನ್ನು ವರಾಂಡದಲ್ಲಿ ನಿಲ್ಲಿಸಿದರೆಂದು ತಂದೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ದೂರು ಕೊಟ್ಟಿದ್ದಾರೆ. ಹುಡುಗ ನಿಂತಿದ್ದನ್ನು ಶಿಕ್ಷಕಿ ನೋಡಿದ್ದಾರೆ, ಕಿವಿ ಹಿಂಡಿದ್ದನ್ನು ನೋಡಿಲ್ಲ. ‘ಏನೂ ಗೊತ್ತಿಲ್ಲ ಅಂತ ಬರೆದುಕೊಟ್ಟುಬಿಡಿ’ ಎಂಬುದು ಮುಖ್ಯ ಶಿಕ್ಷಕರ ಸಲಹೆ. ಶಿಕ್ಷಕಿಯ ಗಂಡನಿಗೆ ಆಪರೇಷನ್ ಆದ ರಾತ್ರಿ ಆಸ್ಪತ್ರೆಯಲ್ಲಿ ಬೆಳಗಿನವರೆಗೆ ಕೂತಿದ್ದವರು ಇದೇ ಮೇಷ್ಟ್ರು. ಹೇಳಿಕೆಯಲ್ಲಿ ಏನು ಬರೆಯಲಿ ಎಂದು ಕೇಳಿದ್ದರು.

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಶಿಕ್ಷಕಿಯ ಜಾತಿ ಯಾವುದೆಂದು ವಿಚಾರಿಸಿದ ಪತ್ರಗಳನ್ನು ಕೈಬಿಟ್ಟಿದ್ದೇವೆ.

*

ಮೇಡಂ, ನಿಮ್ಮ ಪತ್ರದಲ್ಲಿ ಮೇಷ್ಟ್ರ ಒಳ್ಳೆಯತನಕ್ಕೆ ಎರಡು ಪ್ಯಾರಾ ಇದೆ. ಹುಡುಗ ಎಷ್ಟು ಹೊತ್ತು ನಿಂತಿದ್ದ, ಅವತ್ತು ಬಿಸಿಯೂಟ ಮಾಡಿದನೇ, ಮರುದಿನ ಶಾಲೆಗೆ ಬಂದನೇ? ಒಂದು ಸಾಲೂ ಇಲ್ಲ.
— ಚಿಕ್ಕಮಗಳೂರು

*

ಅಕ್ಕೋರ, ಇದನ್ನೇನ ದೊಡ್ಡ ಸುದ್ದಿ ಅಂತ ಬರದೀರಿ? ನಾ ಕಲತದ್ದು ಕನ್ನಡ ಸಾಲ್ಯಾಗ. ಶುಕ್ರವಾರ ಬಂತಂದ್ರ ಸರಸ್ವತಿ ಫೋಟೋಕ್ಕ ಹೂವು, ಊದಿನಕಡ್ಡಿ, ಆಮ್ಯಾಲ ಚುರುಮುರಿ ಪುಠಾಣಿ. ಅದನ್ನ ತಾಟಿನ್ಯಾಗ ಹಿಡಕೊಂಡು ಹಂಚಾಂವ ನನ್ನ ಬಾಜೂಕ ಕುಂದ್ರತಿದ್ದ ಸಾಬರ ಹುಡುಗ. ಯಾರ ಧರ್ಮಾನೂ ಕೆಟ್ಟಿಲ್ಲ. ಈಗ ಎಲ್ಲಾದಕ್ಕೂ ಅರ್ಜಿ, ಎಲ್ಲಾದಕ್ಕೂ ಎನ್‌ಕ್ವೈರಿ. ಮಾಸ್ತರು ಕಿವಿ ಹಿಂಡಿದ್ದಕ್ಕ ನಾ ಮಗ್ಗಿ ಕಲತೀನಿ. ಇಪ್ಪತ್ತರ ತನಕಾ ಈಗೂ ಬರ್ತಾವ, ಬೇಕಾದ್ರ ಕೇಳ್ರಿ.
— ಗದಗ

(ಮಗ್ಗಿಯನ್ನು ನಾವು ಕೇಳಿ ನೋಡಲಿಲ್ಲ. ತಾಟು ಹಿಡಿದು ಹಂಚುತ್ತಿದ್ದ ಆ ಗೆಳೆಯರು ಈ ಪುಟ ಓದುತ್ತಿದ್ದರೆ ಅವರೂ ಬರೆಯಲಿ.)

*

ಮೂವತ್ತನಾಲ್ಕು ವರ್ಷ ಇಲಾಖೆಯಲ್ಲಿದ್ದವನು. ಇಂಥ ವಿಚಾರಣೆಗಳನ್ನು ಮಾಡಿದ್ದೇನೆ, ಒಮ್ಮೆ ನಾನೇ ಎದುರಿಸಿದ್ದೇನೆ. ಮೊದಲು ಎರಡು ಆರೋಪಗಳನ್ನು ಬೇರೆ ಬೇರೆ ಇಡಿ. ಕಿವಿ ಹಿಂಡಿದ್ದು, ಹೊರಗೆ ನಿಲ್ಲಿಸಿದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿಗೆ ಸೇರಿದ್ದು. ಅಲ್ಲಿ ದೈಹಿಕ ಶಿಕ್ಷೆಯಷ್ಟೇ ಅಲ್ಲ, ಮಾನಸಿಕ ಕಿರುಕುಳವೂ ನಿಷಿದ್ಧ. ಶ್ಲೋಕದ ಮಾತು ಸಂವಿಧಾನದ 28ನೇ ವಿಧಿಯದು. ಪೂರ್ತಿ ಸರಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಬುದ್ಧನ ಪಾಠ, ಬಸವಣ್ಣನ ಪಾಠ ಮಾಡಬಾರದೆಂದು ಇದರ ಅರ್ಥವಲ್ಲ. ಧರ್ಮಗಳ ಬಗ್ಗೆ ತಿಳಿಸಿಕೊಡುವುದು ಧಾರ್ಮಿಕ ಬೋಧನೆಯಾಗದು ಎಂದು 2002ರಲ್ಲಿ ಪಠ್ಯಕ್ರಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಶ್ಲೋಕ ಹೇಳಿಸಿದ ಮಾತ್ರಕ್ಕೆ ಬೋಧನೆಯಾಯಿತೇ ಎಂದು ಮೇಷ್ಟ್ರ ಪರ ವಾದಿಸುವವರು ಇರುತ್ತಾರೆ. ಒಲ್ಲೆ ಎಂದವನನ್ನು ಹೊರಗೆ ನಿಲ್ಲಿಸಿದ ಮೇಲೆ ಆ ವಾದಕ್ಕೆ ಕಾಲಿಲ್ಲ. ಕೇರಳದಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ತಮ್ಮ ನಂಬಿಕೆಯ ಕಾರಣಕ್ಕೆ ಹಾಡದೆ ಇದ್ದ ಮೂವರು ಮಕ್ಕಳನ್ನು ಶಾಲೆಯಿಂದ ತೆಗೆದಿದ್ದರು. ಅವರನ್ನು ವಾಪಸ್ ಸೇರಿಸಿಕೊಳ್ಳಿ ಎಂದು 1986ರಲ್ಲೇ ತೀರ್ಪಾಗಿದೆ. ರಾಷ್ಟ್ರಗೀತೆಗೇ ಹೀಗಾದರೆ ಗಣಿತದ ಪೀರಿಯಡ್ಡಿನ ಶ್ಲೋಕ ಯಾವ ಲೆಕ್ಕ?

ಇನ್ನು ನಿಮ್ಮ ಹೇಳಿಕೆ. ಈಗ ನಡೆಯುತ್ತಿರುವುದು ಪ್ರಾಥಮಿಕ ವಿಚಾರಣೆ ಇರಬೇಕು. ಮುಂದೆ ಸರಕಾರಿ ನೌಕರರ ಶಿಸ್ತುಕ್ರಮದ 1957ರ ಸಿಸಿಎ ನಿಯಮಗಳಡಿ ಇಲಾಖಾ ವಿಚಾರಣೆಯಾದರೆ ಮೇಷ್ಟ್ರಿಗೆ ದೋಷಾರೋಪಣ ಪಟ್ಟಿ ಕೊಡುತ್ತಾರೆ, ಅವರಿಗೆ ಉತ್ತರಿಸಲು ಅವಕಾಶವಿದೆ, ಸಾಕ್ಷಿಗಳನ್ನು ಪಾಟೀಸವಾಲು ಮಾಡುವ ಹಕ್ಕಿದೆ. ಅವರನ್ನು ಉಳಿಸುವ ಭಾರವನ್ನು ನೀವು ಹೊರಬೇಕಾಗಿಲ್ಲ. ಬೇರೆ ಯಾರೋ ಟೈಪ್ ಮಾಡಿಸಿ ತಂದ ಹಾಳೆಗೆ ಮಾತ್ರ ಸಹಿ ಹಾಕಬೇಡಿ. ನಿಮ್ಮದೇ ಕೈಬರಹ, ಪ್ರತಿ ಪುಟಕ್ಕೂ ಸಹಿ, ದಿನಾಂಕ, ಒಂದು ಜೆರಾಕ್ಸ್ ಮನೆಯಲ್ಲಿ. ಕಂಡೆ, ಕೇಳಿದೆ, ಕಾಣಲಿಲ್ಲ: ಈ ಮೂರು ಕ್ರಿಯಾಪದ ಸಾಕು.
— ನಿವೃತ್ತ ಕ್ಷೇತ್ರ ಶಿಕ್ಷಣಾಧಿಕಾರಿ, ತುಮಕೂರು

*

ಮುಂದಿನ ಕೌನ್ಸೆಲಿಂಗ್‌ನಲ್ಲಿ ವರ್ಗಾವಣೆಗೆ ಅರ್ಜಿ ಹಾಕಿ. ಯಾವ ಊರಿನ ಗೊಡವೆಯೂ ಬೇಡ.
— ಶಿಕ್ಷಕ, ಕೋಲಾರ

(ಅಲ್ಲಿಯವರೆಗೆ ಹೇಳಿಕೆಯಲ್ಲಿ ಏನು ಬರೆಯಬೇಕೆಂದು ಇವರು ತಿಳಿಸಿಲ್ಲ. ಮುಂದಿನದು ದೂರದ ಪತ್ರ.)

*

ಅಮೆರಿಕದಲ್ಲಿ ನಾನಿರುವ ಕೊಲಂಬಸ್‌ನಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ ಮೌಂಟ್ ವೆರ್ನನ್ ಎಂಬ ಸಣ್ಣ ಊರು. ಅಲ್ಲಿಯ ಸರಕಾರಿ ಶಾಲೆಯಲ್ಲಿ ಎಂಟನೇ ತರಗತಿಗೆ ವಿಜ್ಞಾನ ಹೇಳುತ್ತಿದ್ದ ಜಾನ್ ಫ್ರೆಶ್‌ವಾಟರ್ ಮೇಲೆ 2008ರಲ್ಲಿ ಗದ್ದಲವೆದ್ದಿತು. ವಿದ್ಯುತ್ತಿನ ಪ್ರಯೋಗ ತೋರಿಸುವಾಗ ಟೆಸ್ಲಾ ಕಾಯಿಲ್‌ನಿಂದ ಹುಡುಗನ ತೋಳಿನ ಮೇಲೆ ಶಿಲುಬೆಯಂಥ ಗುರುತು ಸುಟ್ಟರೆಂದು ಮನೆಯವರ ಆರೋಪ. ವಿಕಾಸವಾದದ ಪಾಠದಲ್ಲಿ ತನ್ನ ಧರ್ಮ ಬೆರೆಸುತ್ತಾರೆಂದು ಇನ್ನೊಂದು. ಮೇಜಿನ ಮೇಲೆ ಬೈಬಲ್ ಇಡುತ್ತಾರೆಂದು ಮತ್ತೊಂದು. ಊರು ಎರಡು ಪಂಗಡವಾಯಿತು. ಟೀವಿಯವರಿಗೆ ಸುಟ್ಟ ಗುರುತೇ ಬೇಕಿತ್ತು. ವಿಚಾರಣೆ ಹತ್ತಿರ ಹತ್ತಿರ ಎರಡು ವರ್ಷ ಎಳೆಯಿತು, ಎಂಬತ್ತಕ್ಕೂ ಹೆಚ್ಚು ಸಾಕ್ಷಿಗಳು ಬಂದರು. 2011ರಲ್ಲಿ ಕೆಲಸ ಹೋಯಿತು. 2013ರಲ್ಲಿ ಓಹಿಯೊ ರಾಜ್ಯದ ಸುಪ್ರೀಂ ಕೋರ್ಟ್ 4–3 ಮತಗಳಿಂದ ವಜಾ ಸರಿ ಎಂದಿತು. ಸುಟ್ಟ ಗುರುತಿನ ಕಾರಣಕ್ಕಲ್ಲ. ಸ್ವಂತ ಬೈಬಲನ್ನು ಮೇಜಿನ ಮೇಲಿಟ್ಟುಕೊಳ್ಳುವುದು ಆತನ ಹಕ್ಕೆಂದೇ ಕೋರ್ಟು ಹೇಳಿತು. ತರಗತಿಯಿಂದ ಉಳಿದ ಧಾರ್ಮಿಕ ವಸ್ತುಗಳನ್ನು ತೆಗೆಯಿರಿ ಎಂದ ಮೇಲಿನವರ ಮಾತು ಕೇಳದ ಅವಿಧೇಯತೆಗೆ ಕೆಲಸ ಹೋದದ್ದು.

ಊರೆಲ್ಲ ಆಡಿಕೊಂಡದ್ದೇ ಒಂದು, ಕಡತದಲ್ಲಿ ನಿಂತದ್ದೇ ಇನ್ನೊಂದು. ನಿಮ್ಮ ಮೇಷ್ಟ್ರ ಹಣೆಯ ವಿಭೂತಿ ಅವರದು, ಅದನ್ನು ಯಾರೂ ಕೇಳಬಾರದು. ಮಕ್ಕಳ ಬಾಯಿ ಅವರದಲ್ಲ.
— ಕೊಲಂಬಸ್, ಓಹಿಯೊ

*

(ಈ ಪತ್ರ ದೊಡ್ಡದು. ಮೊಟಕುಗೊಳಿಸಲು ಮನಸ್ಸಾಗಲಿಲ್ಲ.)

ನಿಮ್ಮ ಪತ್ರ ಓದಿ ಎತ್ತಿಟ್ಟಿದ್ದೆ. ರಾತ್ರಿ ಎದ್ದು ಮತ್ತೆ ಓದಿದೆ.

ನಮ್ಮ ಅಬ್ಬಾ ಸರಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಅವರು ಭಾಮಿನಿ ಷಟ್ಪದಿಯನ್ನು ರಾಗವಾಗಿ ಓದಿದರೆ ಪಕ್ಕದ ಕ್ಲಾಸಿನ ಗಲಾಟೆಯೂ ನಿಲ್ಲುತ್ತಿತ್ತಂತೆ. 1994ರ ಅರ್ಧವಾರ್ಷಿಕ ಪರೀಕ್ಷೆ. ಒಬ್ಬ ಹುಡುಗಿ ದೇವಸ್ಥಾನದಿಂದ ನೇರ ಬಂದಿದ್ದಳು, ಬೆರಳೆಲ್ಲ ಕುಂಕುಮ. ಉತ್ತರ ಪತ್ರಿಕೆಯ ಮೇಲೂ ಕೆಂಪು ಅಚ್ಚು. ‘ಕೈ ತೊಳಕೊಂಡು ಬಾರಮ್ಮ, ಅಕ್ಷರ ಕಾಣಬೇಕಲ್ಲ’ ಎಂದರು ಅಬ್ಬಾ. ಮಧ್ಯಾಹ್ನದ ಹೊತ್ತಿಗೆ ಅದು ‘ಕುಂಕುಮ ತೊಳಕೊಂಡು ಬಾ’ ಆಗಿತ್ತು. ಸಂಜೆಗೆ ಅಬ್ಬಾ ತಮ್ಮ ಕೈಯಾರೆ ಹುಡುಗಿಯ ಹಣೆ ಒರೆಸಿದ್ದರು. ಮರುದಿನ ಗೇಟಿನ ಮುಂದೆ ಜನ. ವಾರದೊಳಗೆ ಅಮಾನತು.

ಆ ಕೋಣೆಯಲ್ಲಿ ಇನ್ನೊಬ್ಬ ಮೇಲ್ವಿಚಾರಕರು ಇದ್ದರು. ಅಬ್ಬಾರ ಜೊತೆ ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದವರು. ಪ್ರತಿ ರಂಜಾನಿಗೆ ನಮ್ಮ ಮನೆಯ ಸುರಕುಂಬಾ ಕುಡಿದವರು. ಅವರು ಬರೆದುಕೊಟ್ಟದ್ದು ಎರಡೇ ಪದ: ‘ನನಗೆ ನೆನಪಿಲ್ಲ’. ಅಬ್ಬಾರ ಟ್ರಂಕಿನಲ್ಲಿದ್ದ ನಕಲನ್ನು ನಾನು ಕಣ್ಣಾರೆ ನೋಡಿದ್ದೇನೆ. ದುಂಡಾದ ಅಕ್ಷರ.

ಅಮಾನತಾದವರಿಗೆ ಜೀವನಾಧಾರ ಭತ್ಯೆ ಎಂದು ಅರ್ಧ ಸಂಬಳ ಕೊಡುತ್ತಾರೆ. ಅದರಲ್ಲಿ ಅಕ್ಕಿ ಬಂತು, ಅಣ್ಣನ ಪಾಲಿಟೆಕ್ನಿಕ್ ಫೀಸು ಬರಲಿಲ್ಲ. ಅವನು ಗ್ಯಾರೇಜಿಗೆ ಸೇರಿಕೊಂಡ, ಇವತ್ತಿಗೂ ಅಲ್ಲೇ ಇದ್ದಾನೆ. ಹದಿನಾಲ್ಕು ತಿಂಗಳ ಮೇಲೆ ಆರೋಪ ಸಾಬೀತಾಗಿಲ್ಲ ಎಂಬ ಆದೇಶ ಬಂತು, ಜೊತೆಗೆ ದೂರದ ಊರಿಗೆ ವರ್ಗ. ಬಿಡಿಸಿದ್ದು ಯಾರು ಗೊತ್ತೇ? ಆ ಹುಡುಗಿ. ‘ಸಾರ್ ನನ್ನ ಹಣೆ ನೋಡೇ ಇಲ್ಲ, ಪೇಪರ್ ನೋಡಿದರು’ ಎಂದಳಂತೆ. ಒಂಬತ್ತನೇ ಕ್ಲಾಸಿನ ಹುಡುಗಿಗೆ ನೆನಪಿತ್ತು.

ಹೊಸ ಶಾಲೆಯಲ್ಲಿ ಅಬ್ಬಾ ರಾಗವಾಗಿ ಓದಲಿಲ್ಲ. ಪದ್ಯವನ್ನು ಗದ್ಯದ ಹಾಗೆ ಓದಿ, ಅರ್ಥ ಹೇಳಿ, ಪುಸ್ತಕ ಮುಚ್ಚುತ್ತಿದ್ದರು.

ಅವರು ತೀರಿಕೊಂಡ ದಿನ ಆ ಸಹೋದ್ಯೋಗಿ ಬಂದಿದ್ದರು. ಅಂಗಳದಲ್ಲೇ ನಿಂತರು. ಅಮ್ಮಿ ನನ್ನ ಕೈಲಿ ನೀರು ಕಳಿಸಿದಳು. ಈಗಲಾದರೂ ನೆನಪಿದೆಯಾ ಎಂದು ಕೇಳಬೇಕೆಂದು ಬಾಯಿಯವರೆಗೆ ಬಂತು, ಕೇಳಲಿಲ್ಲ. ಅದನ್ನೇ ಈಗ ನಿಮಗೆ ಬರೆಯುತ್ತಿದ್ದೇನೋ ಏನೋ.

ನಿಮ್ಮ ಮೇಷ್ಟ್ರ ಕತೆ ಅಬ್ಬಾರ ಕತೆಯಲ್ಲ, ಗೊತ್ತು. ಅವರು ಶ್ಲೋಕ ಹೇಳಿಸಿದ್ದು ನಿಜ, ಹುಡುಗ ನಿಂತದ್ದೂ ನಿಜ. ಆದರೆ ನಿಮ್ಮಿಂದ ಕೇಳುತ್ತಿರುವುದು ಅಂಥವೇ ಎರಡು ಪದ. ನಿಂತದ್ದನ್ನು ಕಂಡಿದ್ದೀರಿ, ಬರೆಯಿರಿ. ಕಿವಿ ಹಿಂಡಿದ್ದನ್ನು ಕಂಡಿಲ್ಲ, ಅದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಿರಿ, ಅದು ಮೇಷ್ಟ್ರಿಗೆ ಸಲ್ಲಬೇಕಾದದ್ದು. ಆಸ್ಪತ್ರೆಯ ಋಣವನ್ನು ಆಸ್ಪತ್ರೆಯಲ್ಲೇ ತೀರಿಸಿ.
— ಮಗಳು, ದಾವಣಗೆರೆ

*

ಕಚೇರಿಗೆ ಹೋಗುವ ಹಿಂದಿನ ಸಂಜೆ ಮೇಷ್ಟ್ರ ಮನೆಗೆ ಹೋಗಿ ಬನ್ನಿ. ‘ಇಷ್ಟು ಬರೆಯುತ್ತೇನೆ ಸಾರ್’ ಎಂದು ಹೇಳಿಬಿಡಿ. ಅವರ ಹೆಂಡತಿ ಕಾಫಿ ಕೊಡಲಿಕ್ಕಿಲ್ಲ. ಪರವಾಗಿಲ್ಲ.
— ಪುತ್ತೂರು

*

ವರಾಂಡದಲ್ಲಿ ನಿಂತವನು ನಾನು. ಬೇರೆ ಶಾಲೆ, ಬೇರೆ ಕಾಲ. ನಮ್ಮ ಮನೆಯ ಪ್ರಾರ್ಥನೆ ಬೇರೆ ಇತ್ತು, ಹಾಗಾಗಿ ಸುಮ್ಮನಿದ್ದೆ. ಎದುರಿನ ಕ್ಲಾಸಿನ ಟೀಚರ್ ಎರಡು ಸಲ ನನ್ನನ್ನು ನೋಡಿದರು. ಎರಡನೇ ಸಲ ಬಾಗಿಲು ಮುಂದೆ ಮಾಡಿಕೊಂಡರು. ನಿಲ್ಲಿಸಿದ ಮೇಷ್ಟ್ರ ಮುಖ ಮರೆತುಹೋಗಿದೆ. ಆ ಟೀಚರ್ ಉಟ್ಟಿದ್ದ ಸೀರೆ ಹಸಿರು, ಅಂಚು ಕೆಂಪು.
— ಮಡಿಕೇರಿ

*

ಈ ವಿಷಯದ ಪತ್ರಗಳನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇವೆ. ಶಾಲೆ ಯಾವುದು, ಮೇಷ್ಟ್ರು ಯಾರು ಎಂದು ಕೇಳಿದವರಿಗೆ: ತಿಳಿಸುವುದಿಲ್ಲ. ಇಲ್ಲಿ ಜಾಗ ಸಿಗದ ಪತ್ರಗಳನ್ನೂ ಸೇರಿಸಿ ಎಲ್ಲವನ್ನೂ ಶಿಕ್ಷಕಿಗೆ ಕಳಿಸಿದ್ದೇವೆ, ಮಡಿಕೇರಿಯದನ್ನು ಎಲ್ಲಕ್ಕಿಂತ ಮೇಲಿಟ್ಟು. — ಸಂ.