ವರ್ಚುವಲ್ ಡಿಸ್ಕಿನ ‘ಪಾಳು ಜಾಗ’: ‘ತೆರವು’ ಸರಿಯೋ, ‘ಹಿಂಪಡೆ’ ಸರಿಯೋ?

ಎಲ್ಲರಿಗೂ ನಮಸ್ಕಾರ. ಕುಶಾಲನಗರದಿಂದ ಬರೆಯುತ್ತಿದ್ದೇನೆ. ಒಂದು ಪದ ಹಾಕಿ ಪೇಚಿಗೆ ಸಿಕ್ಕಿಕೊಂಡೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ.

ನಾನು ಇಲ್ಲೊಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ. ಇರೋದು ಒಂದೇ ಸರ್ವರ್. ಅದರೊಳಗೆ ಮೂರು ವರ್ಚುವಲ್ ಮಿಷನ್, ಅಂದರೆ ಸಾಫ್ಟ್‌ವೇರಿನಿಂದಲೇ ಮಾಡಿದ ಕಂಪ್ಯೂಟರ್‌ಗಳು. ಲೆಕ್ಕಪತ್ರದ ಮಿಷನ್ನಿಗೆ 200 ಜಿಬಿ ಡಿಸ್ಕ್ ಕೊಟ್ಟಿದ್ದೇನೆ, ಆದರೆ ಕೊಟ್ಟಿರುವುದು ಹೆಸರಿಗೆ ಮಾತ್ರ. ಹೊರಗಿನಿಂದ, ಅಂದರೆ ಸರ್ವರ್ ಕಡೆಯಿಂದ, ನೋಡಿದರೆ ಆ ಡಿಸ್ಕ್ ಒಂದು ಕ್ಯೂಕೌ2 (qcow2) ಅನ್ನುವ ಬಗೆಯ ಫೈಲ್. ಮೊದಲು ಒಂದು ಎಂಬಿ ಕೂಡ ಇರಲ್ಲ, ಒಳಗೆ ಬರೆದ ಹಾಗೆ ಬೆಳೆಯುತ್ತಾ ಹೋಗುತ್ತೆ. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ಥಿನ್ ಡಿಸ್ಕ್ ಅಂತಾರೆ. ‘ತೆಳು ಡಿಸ್ಕ್’ ಅಂತ ಬರೆದರೆ ನೀರುದೋಸೆ ನೆನಪಾಗುತ್ತೆ. ನಮ್ಮ ಆಫೀಸಿನಲ್ಲಿ ‘ಬೆಳೆಯೋ ಡಿಸ್ಕ್’ ಅಂತ ತಾನಾಗಿಯೇ ರೂಢಿ ಆಗಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರೋದು ಬೆಳೆದ ಮೇಲಿನ ಕಥೆಯಲ್ಲಿ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಎರಡು ದಿನ ರಜೆ ಹಾಕಿದ್ದೆ. ಹೋಗುವ ಮುಂಚೆ ಒಂದು ಹಾಳೆಯಲ್ಲಿ ಏನೇನು ಮಾಡಬೇಕು ಅಂತ ಬರೆದು ಗೋಡೆಗೆ ಅಂಟಿಸಿದ್ದೆ. ಅದರಲ್ಲಿ ಒಂದು ಸಾಲು: ‘ಡಿಸ್ಕ್ ತುಂಬುತ್ತಾ ಬಂದರೆ, ಬಳಸದ ಜಾಗವನ್ನು ತೆರವು ಮಾಡಿ.’ ಕೆಳಗೆ ಕಮಾಂಡ್ ಕೂಡ ಬರೆದಿದ್ದೆ. ಆದರೆ ‘ತೆರವು’ ಅಂದ ಮೇಲೆ ಕಮಾಂಡ್ ಯಾರು ಓದ್ತಾರೆ? ಕೌಂಟರಿನ ಹುಡುಗಿ ಹಿಂದಿನ ಎರಡು ಸೀಸನ್ನಿನ ತೂಕದ ಚೀಟಿಗಳನ್ನೆಲ್ಲ ಅಳಿಸಿಬಿಟ್ಟಿದ್ದಳು. ಕೇಳಿದ್ದಕ್ಕೆ, ‘ಸಾರ್, ನೀವೇ ಬರೆದಿದ್ರಲ್ಲ, ಬಳಸದ್ದನ್ನ ತೆರವು ಮಾಡಿ ಅಂತ. ಹಳೇ ಚೀಟಿ ಯಾರು ನೋಡ್ತಾರೆ?’ ಅಂದಳು. ಅವಳದ್ದೇನೂ ತಪ್ಪಿಲ್ಲ. ಪೇಪರಿನಲ್ಲಿ ದಿನಾ ಓದುವುದು ‘ಒತ್ತುವರಿ ತೆರವು’. ತೆರವು ಅಂದರೆ ಇದ್ದದ್ದನ್ನು ಎತ್ತಿ ಆಚೆ ಹಾಕುವುದು. ಬ್ಯಾಕಪ್ ಇತ್ತು, ಬಚಾವಾದೆ.

ತಮಾಷೆ ಏನೆಂದರೆ ಅಷ್ಟು ಅಳಿಸಿದರೂ ಹೊರಗೆ ಒಂದು ಎಂಬಿ ಕೂಡ ಇಳಿದಿರಲಿಲ್ಲ. ಒಳಗೆ ಬಳಕೆ 41 ಜಿಬಿ ಅಂತ ತೋರಿಸುತ್ತಿತ್ತು, ಹೊರಗೆ ಫೈಲ್ 168 ಜಿಬಿ ಹಿಡಿದು ಕೂತಿತ್ತು. ಯಾಕೆಂದರೆ ಒಳಗೆ ಫೈಲ್ ಅಳಿಸಿದಾಗ ಫೈಲುಗಳ ಲೆಕ್ಕ ಇಡುವ ಒಳಗಿನ ಫೈಲ್ ಸಿಸ್ಟಮ್ ತನ್ನ ಪುಸ್ತಕದಲ್ಲಿ ‘ಈ ಬ್ಲಾಕ್ (ಡಿಸ್ಕಿನ ತುಂಡು) ಖಾಲಿ’ ಅಂತ ಗುರುತು ಹಾಕಿಕೊಳ್ಳುತ್ತೆ ಅಷ್ಟೇ. ಹೊರಗಿನ ಮಿಷನ್ನಿಗೆ ಅದು ಗೊತ್ತಾಗುವುದೇ ಇಲ್ಲ. ಯಾರಾದರೂ ಹೇಳಬೇಕು. ಹೇಳುವುದಕ್ಕೇ ಟ್ರಿಮ್ ಅನ್ನುವ ಕಮಾಂಡ್ ಇರುವುದು. ಡಿಸ್ಕಿನ ಜೊತೆ ಮಾತಾಡುವ ಎಸ್‌ಸಿಎಸ್‌ಐ ಅನ್ನುವ ಪದ್ಧತಿಯ ಭಾಷೆಯಲ್ಲಿ ಅದನ್ನೇ ಅನ್‌ಮ್ಯಾಪ್ ಅಂತಾರೆ. ಲಿನಕ್ಸ್‌ನಲ್ಲಿ ಎಫ್‌ಎಸ್‌ಟ್ರಿಮ್ ಓಡಿಸಿದರೆ ‘ಇಷ್ಟಿಷ್ಟು ಬ್ಲಾಕ್ ನನಗೆ ಬೇಡ’ ಅಂತ ಒಳಗಿನಿಂದ ಹೊರಗೆ ಸುದ್ದಿ ಹೋಗುತ್ತೆ. ಹೊರಗಡೆ ಡಿಸ್ಕಿನ ಸೆಟ್ಟಿಂಗಿನಲ್ಲಿ ಡಿಸ್ಕಾರ್ಡ್ ಅನ್ನುವುದನ್ನು ಅನ್‌ಮ್ಯಾಪ್ ಅಂತ ಇಟ್ಟಿರಬೇಕು, ಇಲ್ಲದಿದ್ದರೆ ಸುದ್ದಿ ಬಾಗಿಲಲ್ಲೇ ನಿಲ್ಲುತ್ತೆ.

ಈಗ ಪದಗಳ ವಿಷಯ. ಹೀಗೆ ಜಾಗ ವಾಪಸ್ ಪಡೆಯುವುದಕ್ಕೆ ಇಂಗ್ಲಿಷಿನಲ್ಲಿರುವ ‘ರೀಕ್ಲೇಮ್’ ನೋಡಿದರೆ ಕೆಲಸವೆಲ್ಲ ಹೊರಗಿನವನದ್ದು ಅನ್ನಿಸುತ್ತೆ. ಅವನು ಹೋಗಿ ಕಿತ್ತುಕೊಂಡ ಹಾಗೆ. ನಿಜವಾಗಿ ಆಗುವುದು ಹಾಗಲ್ಲ. ಮೊದಲು ಒಳಗಿನವನು ಬಿಟ್ಟುಕೊಡಬೇಕು, ಆಮೇಲೆ ಹೊರಗಿನವನು ತಗೊಳ್ಳಬೇಕು. ಹಾಗಾಗಿ ಕನ್ನಡದಲ್ಲಿ ಒಂದಲ್ಲ, ಎರಡು ಕ್ರಿಯಾಪದ ಬೇಕು ಅನ್ನುವುದು ನನ್ನ ವಾದ: ಒಳಗೆ ‘ಬಿಟ್ಟುಕೊಡು’, ಹೊರಗೆ ‘ಹಿಂಪಡೆ’. (ಒಳಗಿನದು ಹೊರಗಿನದು ಅಂತ ಬೇಕಂತಲೇ ಬರೆಯುತ್ತಿದ್ದೇನೆ. ಇಂಗ್ಲಿಷಿನ ‘ಗೆಸ್ಟ್’, ‘ಹೋಸ್ಟ್’ ನೋಡಿ ‘ಅತಿಥಿ’, ‘ಆತಿಥೇಯ’ ಅಂತ ಒಮ್ಮೆ ಬರೆದಿದ್ದೆ, ಇದು ಹೋಂಸ್ಟೇಗಳ ಊರು, ಎಲ್ಲರೂ ನಕ್ಕರು.)

ನಮ್ಮಲ್ಲಿ ತೋಟದ ರೈಟರಾಗಿ (ಗುಮಾಸ್ತರಾಗಿ) ರಿಟೈರ್ ಆದವರೊಬ್ಬರು ಈಗ ಲೆಕ್ಕ ನೋಡುತ್ತಾರೆ. ಅವರಿಗೆ ಇದನ್ನೆಲ್ಲ ವಿವರಿಸಿದೆ. ಕಂಪ್ಯೂಟರ್ ಗೊತ್ತಿಲ್ಲ, ಜಮೀನು ಚೆನ್ನಾಗಿ ಗೊತ್ತು. ‘ಗದ್ದೆ ಪಾಳು ಬಿಟ್ಟಿದ್ದಾನೆ, ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಹೆಸರು ಇನ್ನೂ ಅವನದ್ದೇ. ಅಷ್ಟೇ ಅಲ್ವಾ?’ ಅಂದರು. ನಾನು ಕುರ್ಚಿಯಲ್ಲೇ ಕೂತು ಕೈ ಮುಗಿದೆ.

‘ಪಾಳು’ ನನಗೆ ತುಂಬ ಹಿಡಿಸಿತು. ‘ಬಳಸದ ಜಾಗ’ ಅಂದರೆ ಯಾವತ್ತೂ ಬಳಸದ್ದು ಅಂತಲೂ ಅರ್ಥ. ಆದರೆ ಎಂದೂ ಬರೆಯದ ಬ್ಲಾಕಿಗೆ ಹೊರಗಿನ ಫೈಲಿನಲ್ಲಿ ಜಾಗವೇ ಹೋಗಿರಲ್ಲ, ಅದರ ತಂಟೆ ಇಲ್ಲ. ತೊಂದರೆ ಕೊಡುವುದು ಒಮ್ಮೆ ಉತ್ತು ಬಿತ್ತು ಆಮೇಲೆ ಕೈಬಿಟ್ಟ ಬ್ಲಾಕ್. ‘ಬಂಜರು’ ಆಗಲ್ಲ, ಅದು ಬೆಳೆಯೇ ಬರದ ನೆಲ. ‘ಖಾಲಿ’ ಅನ್ನುವುದೂ ಪೂರ್ತಿ ಸರಿ ಅಲ್ಲ, ಅಳಿಸಿದ ಚೀಟಿಯ ಅಂಕಿಗಳು ಅಲ್ಲೇ ಬಿದ್ದಿರುತ್ತವಲ್ಲ. ಪಾಳು ಅಂದರೆ ಎರಡೂ ಬಂತು.

ಇಲ್ಲೊಂದು ಸೂಕ್ಷ್ಮ ಇದೆ. ಪಾಳು, ಹಾಳು ಮೂಲದಲ್ಲಿ ಒಂದೇ ಪದ, ಹಳಗನ್ನಡದ ಪಕಾರ ಹಕಾರ ಆದದ್ದು. ಕೊಡವ ತಕ್ಕಿನಲ್ಲಿ ಪುತ್ತರಿ, ಕನ್ನಡದಲ್ಲಿ ಹುತ್ತರಿ, ಹಾಗೆ. ಆದರೆ ಇವತ್ತಿನ ಕನ್ನಡದಲ್ಲಿ ಎರಡೂ ಉಳಿದುಕೊಂಡು ಬೇರೆ ಬೇರೆ ದಾರಿ ಹಿಡಿದಿವೆ. ‘ಹಾಳು ಜಾಗ’ ಅಂತ ಬರೆದರೆ ಬ್ಯಾಡ್ ಸೆಕ್ಟರ್ (ಡಿಸ್ಕಿನ ಕೆಟ್ಟುಹೋದ ಭಾಗ) ಅಂದುಕೊಳ್ಳುತ್ತಾರೆ, ಡಿಸ್ಕ್ ಬದಲಾಯಿಸಲು ಓಡುತ್ತಾರೆ. ಪಾಳು ಗದ್ದೆಯನ್ನು ನಾಳೆ ಉಳಬಹುದು, ಹಾಳಾದ ಸೆಕ್ಟರ್ ಹಾಳಾದದ್ದೇ.

ರೈಟರೇ ಇನ್ನೊಂದು ಪದ ಕೊಟ್ಟರು, ‘ಪೈಸಾರಿ’. ಕೊಡಗಿನ ಹೊರಗಿನವರಿಗೆ ಹೇಳುವುದಾದರೆ, ಯಾರ ಹೆಸರಿನಲ್ಲೂ ಇಲ್ಲದ ಸರ್ಕಾರದ ಜಾಗ. ಟ್ರಿಮ್ ಆಗುವ ತನಕ ಬ್ಲಾಕ್ ಪಾಳು, ಆದ ಮೇಲೆ ಪೈಸಾರಿ. ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ! ಆದರೆ ಹಾಸನ ದಾಟಿದರೆ ಯಾರಿಗೂ ಅರ್ಥ ಆಗಲ್ಲ. ‘ಬಾಣೆ’ ಅಂತ ಇನ್ನೊಬ್ಬರು ಅಂದರು, ಅದು ತಪ್ಪು. ಬಾಣೆ ಪಾಳು ಜಾಗವೇ ಅಲ್ಲ, ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಕ್ಕೆ ಮೇವು ಸಿಗಲಿ ಅಂತ ಗದ್ದೆಯ ಜೊತೆಗೇ ಬಿಟ್ಟುಕೊಟ್ಟದ್ದು.

ಟ್ರಿಮ್‌ಗೆ ಏನನ್ನೋಣ? ತೋಟದವರು ತಟ್ಟನೆ ‘ಕಸಿ’ ಅಂದರು. ನಮ್ಮ ಕಡೆ ಗಿಡ ಕಸಿ, ಮರಗಸಿ ಅಂದರೆ ಕೊಂಬೆ ಸವರುವುದು. ಬೇರೆ ಕಡೆ ಕಸಿ ಅಂದರೆ ಮಾವಿನ ಗಿಡಕ್ಕೆ ಕಣ್ಣು ಕಟ್ಟುವುದು, ಅಂದರೆ ಜೋಡಿಸುವುದು! ಒಂದೇ ಪದ, ಉಲ್ಟಾ ಕೆಲಸ. ಅದಿರಲಿ, ಟ್ರಿಮ್ ಏನನ್ನೂ ಕತ್ತರಿಸುವುದೇ ಇಲ್ಲ, ಬರೀ ತಿಳಿಸುತ್ತೆ. ಇಂಗ್ಲಿಷಿನಲ್ಲೇ ಹೆಸರು ಸರಿ ಇಲ್ಲ, ನಾವು ಯಾಕೆ ಅನುವಾದ ಮಾಡಬೇಕು? ನನಗೆ ಇಷ್ಟವಾದದ್ದು ‘ರಾಜೀನಾಮೆ’. ಈಗ ಕೆಲಸ ಬಿಡುವುದಕ್ಕೆ ಮಾತ್ರ ಹೇಳುತ್ತೇವೆ, ಆದರೆ ಹಳೇ ಮುಂಬೈ ಪ್ರಾಂತ್ಯದ ಕಂದಾಯದ ಮಾತಿನಲ್ಲಿ ಜಮೀನು ಬಿಟ್ಟುಕೊಟ್ಟು ಬರೆದುಕೊಡುವ ಕಾಗದಕ್ಕೂ ರಾಜೀನಾಮೆ ಅಂತಲೇ ಹೆಸರು. ಧಾರವಾಡ, ಬಿಜಾಪುರದ ಕಡೆಯವರು ಇದ್ದರೆ ಹೇಳಿ, ಆ ಅರ್ಥ ಈಗಲೂ ಬಳಕೆಯಲ್ಲಿದೆಯಾ?

ಇನ್ನೊಂದು ತೊಡಕು. ಹಳೇ ವಿಂಡೋಸ್ ಮಿಷನ್ ಒಂದರಿಂದ ಟ್ರಿಮ್ ಹೊರಡುತ್ತಿರಲಿಲ್ಲ. ಅಲ್ಲಿ ಪಾಳು ಜಾಗಕ್ಕೆಲ್ಲ ಸೊನ್ನೆ ಬರೆದು, ಆಮೇಲೆ ಹೊರಗೆ qemu-img convert ಅನ್ನುವ ಕಮಾಂಡ್‌ನಿಂದ ಡಿಸ್ಕ್ ಫೈಲಿನ ಹೊಸ ಪ್ರತಿ ತೆಗೆಯಬೇಕು, ಸೊನ್ನೆಗಳನ್ನು ಅದು ಬಿಟ್ಟು ನಕಲು ಮಾಡುತ್ತೆ. ನಾನು ‘ಸೊನ್ನೆ ತುಂಬಿ’ ಅಂತ ಬರೆದಿದ್ದೆ. ‘ಜಾಗ ಖಾಲಿ ಮಾಡೋಕೆ ತುಂಬಬೇಕಾ ಸಾರ್?’ ಅಂತ ಅದೇ ಹುಡುಗಿ. ಪ್ರಶ್ನೆ ಸರಿಯಾಗೇ ಇದೆ. ಸೊನ್ನೆ ಬರೆಯುವಾಗ ಹೊರಗಿನ ಫೈಲ್ ನಿಜವಾಗಿಯೂ ಪೂರ್ತಿ ಅಳತೆಗೆ ಉಬ್ಬುತ್ತೆ, ಹೊರಗೆ ಅಷ್ಟು ಜಾಗ ಇಲ್ಲದಿದ್ದರೆ ಮಿಷನ್ ಅಲ್ಲೇ ನಿಂತುಬಿಡುತ್ತೆ. ನಾನು ಆ ಫೈಲನ್ನು ಮೊದಲೇ ಯುಎಸ್‌ಬಿ ಹಾರ್ಡ್ ಡಿಸ್ಕಿಗೆ ಸಾಗಿಸಿ ಮಾಡಿದೆ. ಈಗ ‘ಸೊನ್ನೆ ಹೊಡೆಯಿರಿ’ ಅಂತ ತಿದ್ದಿದ್ದೇನೆ. ತೋಟಕ್ಕೆ ಔಷಧಿ ಹೊಡೆದ ಹಾಗೆ ಕೇಳಿಸುತ್ತೆ, ಪರವಾಗಿಲ್ಲ.

ಕೊನೆಗೆ ಲೆಕ್ಕದ ಮಿಷನ್ನಿನಲ್ಲಿ ಎಫ್‌ಎಸ್‌ಟ್ರಿಮ್ ಓಡಿಸಿದಾಗ 168 ಇದ್ದದ್ದು 44 ಜಿಬಿಗೆ ಇಳಿಯಿತು. ಹಳೇ ಸ್ನ್ಯಾಪ್‌ಶಾಟ್ (ಡಿಸ್ಕ್ ಒಂದು ಹೊತ್ತಿನಲ್ಲಿ ಹೇಗಿತ್ತೋ ಹಾಗೆ ಹಿಡಿದಿಟ್ಟದ್ದು) ಒಂದನ್ನು ಮೊದಲು ತೆಗೆಯಬೇಕಾಯಿತು, ಅದು ಹಳೇ ಬ್ಲಾಕುಗಳನ್ನು ಹಿಡಿದುಕೊಂಡಿತ್ತು. ಆದರೆ ಮ್ಯಾನೇಜರು ಫೈಲ್ ಪಟ್ಟಿ ನೋಡಿ ‘ಇನ್ನೂ 168 ಅಂತಲೇ ಇದೆಯಲ್ರೀ’ ಅಂದರು. ಅದೂ ನಿಜ. ಎಲ್‌ಎಸ್ (ls) ಕಮಾಂಡ್ ತೋರಿಸುವುದು ಫೈಲಿನ ಉದ್ದ, ಡಿಯು (du) ತೋರಿಸುವುದು ಡಿಸ್ಕಿನಲ್ಲಿ ನಿಜವಾಗಿ ಹಿಡಿದಿರುವ ಜಾಗ, ಬಿಟ್ಟುಕೊಟ್ಟ ಬ್ಲಾಕುಗಳು ಇದ್ದಲ್ಲಿ ಈಗ ಬರೀ ತೂತುಗಳು. ಇವಕ್ಕೆ ‘ತೋರಿಕೆಯ ಅಳತೆ’, ‘ಅಸಲು ಅಳತೆ’ ಅಂತ ಹಾಕಿದ್ದೇನೆ. ಇದಕ್ಕಿಂತ ಚೆನ್ನಾಗಿ ಏನಾದರೂ ಹೊಳೆಯುತ್ತಾ?

ನಿಮ್ಮ ಕಡೆ ಒಮ್ಮೆ ಉತ್ತು ಬಿಟ್ಟ ಗದ್ದೆಗೆ ಏನಂತಾರೆ? ಬೀಳು, ಪಾಳು, ಮತ್ತೇನಾದರೂ? ಕಸಿ ಯಾವ ಊರಿನಿಂದಾಚೆ ಅರ್ಥ ಬದಲಿಸುತ್ತೆ, ಅದನ್ನೂ ಬರೆಯಿರಿ. ಗೋಡೆಯ ಹಾಳೆಯಲ್ಲಿ ‘ತೆರವು’ ಮೇಲೆ ಗೀಟು ಎಳೆದಿದ್ದೇನೆ, ಪಕ್ಕದಲ್ಲಿ ಇನ್ನೂ ಏನೂ ಬರೆದಿಲ್ಲ.