ಅಪ್‌ಡೇಟ್: ಹುಣ್ಣಿಮೆ, ಅಮಾವಾಸ್ಯೆ ಎರಡೂ ರಾತ್ರಿ ಗಾಳ ಹಾಕಿದೆ

ಟೆಕ್ಸಾಸ್‌ನ ಲೇಕ್ ಫೋರ್ಕ್‌ನಲ್ಲಿ ರಾತ್ರಿ ಬಾಸ್ ಮೀನು ಹಿಡಿಯೋಕೆ ಹುಣ್ಣಿಮೆ ಒಳ್ಳೆಯದಾ, ಅಮಾವಾಸ್ಯೆಯಾ ಅಂತ ಹೋದ ತಿಂಗಳು ಕೇಳಿದ್ದೆನಲ್ಲ. ಎರಡೂ ರಾತ್ರಿ ಹೋಗಿ ಬಂದೆ.

ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಎದ್ದ. ನೀರಲ್ಲಿ ನಿಂತ ಒಣಮರಗಳೆಲ್ಲ ಕಾಣುತ್ತಿದ್ದವು, ಟಾರ್ಚೇ ಬೇಕಾಗಲಿಲ್ಲ. ಆದರೆ ಹನ್ನೊಂದರವರೆಗೆ ಒಂದೂ ಕಚ್ಚಲಿಲ್ಲ. ಆಮೇಲೆ ನೆರಳು ಬಿದ್ದ ಕಡೆ ಎಸೆದೆ, ಎರಡು ಸಿಕ್ಕವು.

ಅಮಾವಾಸ್ಯೆಗೆ ನೀವು ಹೇಳಿದ ಕಪ್ಪು ಸ್ಪಿನ್ನರ್‌ಬೈಟ್ (ತಿರುಗುವ ತಗಡು ಇರುವ ಕೃತಕ ಗಾಳದ ಮೇವು) ಕಟ್ಟಿದೆ, ದೊಡ್ಡ ಕೊಲೊರಾಡೊ ಬ್ಲೇಡಿನದು, ಅಂದರೆ ದುಂಡನೆಯ ತಗಡಿನದು. ಕತ್ತಲಲ್ಲಿ ಕಪ್ಪಾ ಅಂತ ಮೊದಲು ನಗು ಬಂದಿತ್ತು, ನಿಜ ಹೇಳ್ತೀನಿ. ಆದರೆ ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಎದುರು ಕಪ್ಪೇ ಎದ್ದು ಕಾಣೋದು, ಅಲ್ವಾ? ಬ್ಲೇಡಿನ ಅದುರು ಬೇರೆ ಅದರ ಮೈಗೆ ತಿಳಿಯುತ್ತದೆ. ನಿಧಾನಕ್ಕೆ ರೀಲ್ ಸುತ್ತುತ್ತಾ ಇದ್ದೆ. ಕೈಗೆ ಗುರ್ ಗುರ್ ಅಂತ ಬರುತ್ತಿದ್ದ ಅದುರು ಒಮ್ಮೆಲೇ ನಿಂತುಹೋಯಿತು. ಎಳೆದರೆ 19 ಇಂಚು! ಇಲ್ಲಿ 16ರಿಂದ 24 ಇಂಚಿನ ಬಾಸನ್ನು ವಾಪಸ್ ಬಿಡಲೇಬೇಕು, ಫೋಟೊ ತೆಗೆದು ಬಿಟ್ಟೆ. ಆ ರಾತ್ರಿ ಒಟ್ಟು ಐದು.

ಎರಡೇ ರಾತ್ರಿಯ ಲೆಕ್ಕ, ಗೊತ್ತು. ಸದ್ಯಕ್ಕೆ ನನ್ನ ಓಟು ಅಮಾವಾಸ್ಯೆಗೆ. ಸೊಳ್ಳೆ ಮಾತ್ರ ಎರಡೂ ರಾತ್ರಿ ಅಷ್ಟೇ ಜಾಸ್ತಿ.