ದಾಸವಾಳದ ಕೆಂಪು ಕೈಗೆ ಸಿಗ್ತಿಲ್ಲ, ಸ್ವಲ್ಪ ಹೆಲ್ಪ್ ಮಾಡಿ

ಎಲ್ರಿಗೂ ನಮಸ್ಕಾರ, ಗ್ರಾಫಿಕ್ಸ್ ಟ್ಯಾಬ್ಲೆಟ್ ಇಟ್ಕೊಂಡು ಕ್ರೀಟಾ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಹಿತ್ತಲಿನ ಹೂಗಳನ್ನ ಬಿಡಿಸ್ತಾ ಇದೀನಿ, ನಂದಿಬಟ್ಲು ಕನಕಾಂಬರ ಎಲ್ಲಾ ಪರವಾಗಿಲ್ಲ ಅನ್ನೋ ಹಾಗೆ ಬರುತ್ತೆ ಆದ್ರೆ ಕೆಂಪು ದಾಸವಾಳ ಮಾತ್ರ ಪ್ಲಾಸ್ಟಿಕ್ ಹೂವಿನ ಥರ ಕಾಣುತ್ತೆ. ನೆರಳಿಗೆ ಕಪ್ಪು ಬೆರೆಸಿದ್ರೆ ಕೊಳಕಾಗುತ್ತೆ, ಬೆಳಕಿಗೆ ಬಿಳಿ ಹಾಕಿದ್ರೆ ಪಿಂಕ್‌ಗೆ ತಿರುಗುತ್ತೆ. ಮಲ್ಟಿಪ್ಲೈ ಲೇಯರ್‌ನಲ್ಲಿ (ಕೆಳಗಿನ ಬಣ್ಣನ ಗಾಢ ಮಾಡೋ ಪದರ) ನೇರಳೆ ಹಚ್ಚಿದಾಗ ಬುಡದ ಕಡುಗೆಂಪೇನೋ ಸರಿಹೋಯ್ತು, ಎಸಳಿನ ಅಂಚಿನ ಸುಕ್ಕು, ನರಗಳು ಎದ್ದು ಕಾಣ್ತಿಲ್ಲ. ಪೆನ್ ಪ್ರೆಶರ್ ಬ್ರಷ್ ಸೈಜ್‌ಗೆ ಇಡ್ಬೇಕಾ ಒಪಾಸಿಟಿಗೆ (ಬಣ್ಣ ಎಷ್ಟು ದಟ್ಟ ಅನ್ನೋದಕ್ಕೆ) ಇಡ್ಬೇಕಾ? ಕೇಸರದ ಹಳದಿ ಪುಡಿಗೆ ಯಾವ ಬ್ರಷ್? ಐದು ಎಸಳಿಗೂ ಬೇರೆ ಬೇರೆ ಲೇಯರ್ ಮಾಡೋದು ಒಳ್ಳೇದಾ, ಗೊತ್ತಿರೋರು ಹೇಳಿ ಪ್ಲೀಸ್. ಯೂಟ್ಯೂಬ್ ಲಿಂಕ್ ಬೇಡ, ನಾನು ನೋಡಿದ್ರಲ್ಲೆಲ್ಲ ಬರೀ ರೋಜಾನೇ.